ಒಂದೇ ಮಂಚ ಸಾಕು ಅಂತ ಹೇಳಿ: ಬ್ಯಾಂಕಾಕಿಗೆ ಹೊರಟ ಇಬ್ಬರಿಗೆ

ಪ್ರಶ್ನೆ: ನನಗೆ 34 ವರ್ಷ. ಊರು ಅರಸೀಕೆರೆ ಹತ್ತಿರ, ಕೆಲಸ ಮೈಸೂರಿನಲ್ಲಿ. ನಾನು ಗೇ. ಆರು ವರ್ಷದಿಂದ ಜೊತೆಗಿರುವ ಸಂಗಾತಿ ಇದ್ದಾನೆ, ಶಿವಮೊಗ್ಗ ಕಡೆಯವನು. ಮನೆಯವರ ಕಣ್ಣಿಗೆ ಅವನು ನನ್ನ ರೂಮ್‌ಮೇಟ್. ನವೆಂಬರಿನಲ್ಲಿ ಇಬ್ಬರೂ ಹತ್ತು ದಿನ ಬ್ಯಾಂಕಾಕಿಗೆ ಹೋಗುತ್ತಿದ್ದೇವೆ. ಇನ್ನೂ ಎರಡೂವರೆ ತಿಂಗಳಿದೆ. ಇಬ್ಬರಿಗೂ ಇದೇ ಮೊದಲ ವಿದೇಶ ಪ್ರವಾಸ. ಅಲ್ಲಿ ನಮ್ಮಿಬ್ಬರಿಗೆ ಒಂದೇ ರೂಮ್ ಕೊಡುತ್ತಾರಾ? ಹೋಗುವ ಮೊದಲು ಯಾವ ಟೆಸ್ಟ್, ಯಾವ ಲಸಿಕೆ ಬೇಕು? ಅಲ್ಲಿ ಬೇರೆಯವರ ಪರಿಚಯವೂ ಆಗಬಹುದು, ಅದನ್ನು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. 'ಅಲ್ಲಿಗೆ ಹೋಗಿ ಬಂದವರೆಲ್ಲ ಏಡ್ಸ್ ತಂದ್ಕೊಳ್ತಾರೆ' ಅಂತ ಸ್ನೇಹಿತನೊಬ್ಬ ಹೆದರಿಸಿದ್ದಾನೆ. ನಮ್ಮ ಡಾಕ್ಟರ್ ಅಪ್ಪನ ಸ್ನೇಹಿತರು. ಅವರ ಮುಂದೆ ಬಾಯಿ ಬಿಡಲು ಧೈರ್ಯವಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಯ ಸಾಲೇ ಮುಖ್ಯವಾದದ್ದು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ರೂಮಿನ ವಿಷಯ.

ಖಂಡಿತ ಕೊಡುತ್ತಾರೆ. ಯಾರೂ ಹುಬ್ಬೇರಿಸುವುದಿಲ್ಲ. 2025ರ ಜನವರಿ 23ರಿಂದ ಥಾಯ್ಲೆಂಡಿನಲ್ಲಿ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಕಾನೂನುಬದ್ಧವಾಗಿ ಮದುವೆಯಾಗಬಹುದು. ಆಗ್ನೇಯ ಏಷ್ಯಾದಲ್ಲಿ ಇಂಥ ಕಾನೂನು ತಂದ ಮೊದಲ ದೇಶ ಅದು. ಆದರೆ ಕಾನೂನು ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದಲೂ ಅಲ್ಲಿನ ಹೋಟೆಲ್‌ಗಳಲ್ಲಿ ಇದು ಮಾಮೂಲಿ ವಿಷಯ.

ನಾನೂ ಗೇ. ವೃತ್ತಿಯಲ್ಲಿ ಫಿಸಿಷಿಯನ್. 2004ರಲ್ಲಿ ನಾನು ಮತ್ತು ನನ್ನ ಸಂಗಾತಿ ಮೊದಲ ಸಲ ಬ್ಯಾಂಕಾಕಿಗೆ ಹೋದೆವು. ಹೋಟೆಲ್ ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ನೋಡಿ, 'ಒಂದು ದೊಡ್ಡ ಮಂಚ ಕೊಡಲಾ, ಎರಡು ಬೇರೆ ಮಂಚವಾ' ಅಂತ ಕೇಳಿದಳು. ನನ್ನ ಬಾಯಿಂದ ತಟ್ಟನೆ ಬಂದ ಮಾತು 'ಎರಡು'. ಅವಳ ಮುಖದಲ್ಲಿ ಕುತೂಹಲವಿರಲಿಲ್ಲ, ಅನುಮಾನವೂ ಇರಲಿಲ್ಲ. ಅಲ್ಲಿ ನಮ್ಮನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಆದರೂ ಎರಡು ಅಂದೆ. ಪಕ್ಕದಲ್ಲಿದ್ದವನು ಏನೂ ಹೇಳದೆ ಬ್ಯಾಗ್ ಎತ್ತಿಕೊಂಡ. ಆ ರಾತ್ರಿ ನಡುವೆ ಒಂದು ಸಣ್ಣ ಟೇಬಲ್, ಆ ಕಡೆ ಅವನು, ಈ ಕಡೆ ನಾನು. ಮರುದಿನ ಬೆಳಿಗ್ಗೆ ಕೆಳಗಿಳಿದು ಹೋಗಿ ರೂಮ್ ಬದಲಾಯಿಸಿಕೊಂಡೆ.

ಇದನ್ನು ಯಾಕೆ ಹೇಳಿದೆ ಅಂದರೆ, ಬಚ್ಚಿಡುವುದು ನಮಗೆ ಎಷ್ಟು ಅಭ್ಯಾಸವಾಗಿದೆ ಅಂದರೆ ಬಚ್ಚಿಡಬೇಕಾಗಿಲ್ಲದ ಕಡೆಯೂ ಬಾಯಿ ತಾನಾಗಿ ಸುಳ್ಳು ಹೇಳಿಬಿಡುತ್ತದೆ. ಹೋಟೆಲಿನಲ್ಲಾದರೆ ಒಂದು ರಾತ್ರಿ ಹಾಳು, ಅಷ್ಟೆ. ಡಾಕ್ಟರ್ ಮುಂದೆ ಇದೇ ಅಭ್ಯಾಸದಿಂದ ಆಗುವ ನಷ್ಟ ದೊಡ್ಡದು. ನನಗೆ ಆಗಿದೆ.

ನಾನಾಗ ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿದ್ದೆ. ಎರಡೂ ಅಂಗೈಯಲ್ಲಿ, ಅಂಗಾಲಿನಲ್ಲಿ ತಾಮ್ರದ ಬಣ್ಣದ ಚುಕ್ಕೆಗಳು ಎದ್ದವು. ಕಡಲೆಕಾಳಿನಷ್ಟು ಅಗಲ. ನೋವಿಲ್ಲ, ತುರಿಕೆಯೂ ಇಲ್ಲ. ಪರಿಚಯದ ಹಿರಿಯ ಡಾಕ್ಟರಿಗೆ ತೋರಿಸಿದೆ. 'ಹೊರಗೆ ಎಲ್ಲಾದರೂ ಸಂಬಂಧ ಇದೆಯೇನಪ್ಪಾ' ಅಂತ ಕೇಳಿದರು. ಇಲ್ಲ ಸಾರ್ ಅಂದೆ. ಪಿತ್ತದ ಗಂಧೆ ಇರಬಹುದು ಅಂತ ಅಲರ್ಜಿ ಮಾತ್ರೆ ಬರೆದುಕೊಟ್ಟರು. ಒಂದು ತಿಂಗಳಲ್ಲಿ ಚುಕ್ಕೆ ಮಾಯವಾದವು. ಅಂಗೈಯಲ್ಲಿ ಅಂಥ ಚುಕ್ಕೆ ಬಂದರೆ ಮೊದಲು ಸಿಫಿಲಿಸ್, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಒಂದು ರೋಗ, ಅಂತ ಯೋಚಿಸಬೇಕು ಎಂದು ನಾನೇ ಪುಸ್ತಕದಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೂ ಬಾಯಿ ಬಿಡಲಿಲ್ಲ. ಒಂದೂವರೆ ವರ್ಷದ ಮೇಲೆ ಬೇರೊಂದು ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಸಿಫಿಲಿಸ್ ಪತ್ತೆಹಚ್ಚುವ ವಿಡಿಆರ್‌ಎಲ್ ಪಾಸಿಟಿವ್ ಬಂತು. ಸಿಫಿಲಿಸ್ ಹಾಗೆಯೇ. ಹುಣ್ಣು ತಾನಾಗಿ ಮಾಯುತ್ತದೆ, ಚುಕ್ಕೆ ತಾನಾಗಿ ಹೋಗುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಬೇಗ ಗೊತ್ತಾಗಿದ್ದರೆ ಒಂದೇ ಸಲದ ಪೆನಿಸಿಲಿನ್ ಇಂಜೆಕ್ಷನ್‌ಗೆ ಮುಗಿಯುತ್ತಿತ್ತು. ತಡವಾದ್ದರಿಂದ ವಾರಕ್ಕೊಂದರಂತೆ ಮೂರು ವಾರ ಹಾಕಿಸಿಕೊಂಡೆ. ಗುಣವಾಯಿತು. ಆದರೆ ಆ ಅವಧಿಯಲ್ಲಿ ಅದು ನನ್ನಿಂದ ಬೇರೆ ಯಾರಿಗಾದರೂ ಹೋಗಿರಲೂಬಹುದು. ಅದು ಇವತ್ತಿಗೂ ಮನಸ್ಸನ್ನು ಕೊರೆಯುತ್ತದೆ.

ಹಾಗಾಗಿ ಬ್ಯಾಂಕಾಕ್ ಟಿಕೆಟ್‌ಗಿಂತ ಮೊದಲು ನೀವು ಹುಡುಕಬೇಕಾದ್ದು ನಿಜ ಹೇಳಬಹುದಾದ ಒಬ್ಬ ಡಾಕ್ಟರನ್ನು. ಅಪ್ಪನ ಸ್ನೇಹಿತರಿಗೇ ಹೇಳಬೇಕು ಅಂತೇನಿಲ್ಲ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ಅವರ ಕರ್ತವ್ಯ, ನಿಜ. ಆದರೆ ಕುರ್ಚಿಯಲ್ಲಿ ಕೂತಷ್ಟು ಹೊತ್ತೂ ನೀವು ಅಪ್ಪನನ್ನೇ ನೆನೆಸಿಕೊಳ್ಳುತ್ತಿದ್ದರೆ ಮಾತು ಎಲ್ಲಿಂದ ಹೊರಡಬೇಕು? ಜ್ವರ, ನೆಗಡಿಗೆ ಅವರು ಇರಲಿ. ಇದಕ್ಕೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬೇರೊಬ್ಬರನ್ನು ನೋಡಿ. ಚರ್ಮ ಮತ್ತು ಗುಪ್ತರೋಗ ತಜ್ಞರು ದಿನವೂ ಇಂಥ ಮಾತು ಕೇಳುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿರುವ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಜೊತೆಗೆ ಆಪ್ತ ಸಮಾಲೋಚಕರೂ ಇರುತ್ತಾರೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ. ಅದು ಎಚ್‌ಐವಿ ಬಗ್ಗೆ ಸರ್ಕಾರ ನಡೆಸುವ ಉಚಿತ ಸಹಾಯವಾಣಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಸುಮ್ಮಸುಮ್ಮನೆ ಬೇರೆಯವರಿಗೆ ಹೇಳುವಂತೆಯೂ ಇಲ್ಲ.

ಡಾಕ್ಟರ್ ಮುಂದೆ ಹೇಗೆ ಶುರು ಮಾಡುವುದು ಅಂತ ಎಷ್ಟೋ ಜನ ನನ್ನನ್ನು ಕೇಳುತ್ತಾರೆ. ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. 'ಡಾಕ್ಟ್ರೇ, ನನ್ನ ಸಂಬಂಧ ಇರುವುದು ಗಂಡಸರ ಜೊತೆ. ಅದಕ್ಕೆ ತಕ್ಕ ಟೆಸ್ಟ್‌ಗಳನ್ನೆಲ್ಲ ಮಾಡಿಸಬೇಕು.' ಇಷ್ಟೇ. ಕೂತ ತಕ್ಷಣ ಹೇಳಿಬಿಡಿ. ಹೊಟ್ಟೆನೋವು, ತಲೆನೋವು ಅಂತ ಸುತ್ತಿ ಬಳಸಿ ಹೊರಟರೆ ಟೈಮ್ ಮುಗಿಯುತ್ತದೆ, ಹೇಳಬೇಕಾದ್ದು ಉಳಿದುಹೋಗುತ್ತದೆ. ಆ ಕಡೆಯಿಂದ ಉಪದೇಶ ಬಂತೋ, 'ಒಂದು ಮದುವೆ ಆಗಿ, ಎಲ್ಲಾ ಸರಿಹೋಗುತ್ತೆ' ಅಂತ ಬಂತೋ, ಫೀಸು ಕೊಟ್ಟು ಎದ್ದು ಬನ್ನಿ. ವಿಶ್ವ ಆರೋಗ್ಯ ಸಂಸ್ಥೆ ಗೇ ಆಗಿರುವುದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಗೇ ಆಗಿರುವವರನ್ನು 'ಬದಲಾಯಿಸುವ ಚಿಕಿತ್ಸೆ' ಕೊಡುವುದು ವೃತ್ತಿ ದುರ್ನಡತೆ ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ. ಒಬ್ಬರು ಸರಿಯಾಗದಿದ್ದರೆ ಇನ್ನೊಬ್ಬರು. ಸಿಗುತ್ತಾರೆ.

ಈಗ ಟೆಸ್ಟ್‌ಗಳು. ಇಬ್ಬರೂ ಒಟ್ಟಿಗೆ ಹೋಗಿ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಮೂತ್ರಪಿಂಡದ ಕ್ರಿಯಾಟಿನಿನ್, ಇವಕ್ಕೆಲ್ಲ ಒಮ್ಮೆ ರಕ್ತ ಕೊಟ್ಟರೆ ಸಾಕು. ಗೊನೊರಿಯಾ ಮತ್ತು ಕ್ಲಮಿಡಿಯಾ ಅನ್ನುವ ಲೈಂಗಿಕ ಸೋಂಕುಗಳ ವಿಷಯದಲ್ಲಿ ಮಾತ್ರ ಹುಷಾರು. ಲ್ಯಾಬ್‌ನವರು ಬರೀ ಮೂತ್ರ ತೆಗೆದುಕೊಂಡು ಕಳಿಸುತ್ತಾರೆ. ಈ ಸೋಂಕು ಗಂಟಲಿನಲ್ಲಿ, ಗುದದ್ವಾರದಲ್ಲಿ ಯಾವ ಲಕ್ಷಣವೂ ಇಲ್ಲದೆ ಕೂತಿರಬಹುದು. ಆಗ ಮೂತ್ರದಲ್ಲಿ ಗೊತ್ತಾಗುವುದಿಲ್ಲ. ಆ ಜಾಗಗಳಿಂದ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆಯಬೇಕು. ನೀವು ನಿಜ ಹೇಳದಿದ್ದರೆ ಯಾವ ಡಾಕ್ಟರೂ ಅದನ್ನು ಬರೆಯುವುದಿಲ್ಲ, ಬರೆಯಬೇಕು ಅಂತ ಅವರಿಗೆ ಹೊಳೆಯುವುದೂ ಇಲ್ಲ.

ಲಸಿಕೆಯಲ್ಲಿ ಮೊದಲನೆಯದು ಹೆಪಟೈಟಿಸ್ ಬಿ. ನಿಮ್ಮ ವಯಸ್ಸಿನವರಿಗೆ ಚಿಕ್ಕಂದಿನಲ್ಲಿ ಹಾಕಿರುವ ಸಾಧ್ಯತೆ ಕಡಿಮೆ. ನಮ್ಮ ಸರ್ಕಾರಿ ಲಸಿಕೆ ಕಾರ್ಯಕ್ರಮಕ್ಕೆ ಅದು ಬಂದದ್ದೇ 2002ರ ನಂತರ. ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಎರಡೂವರೆ ತಿಂಗಳಲ್ಲಿ ಎರಡು ಆರಾಮಾಗಿ ಮುಗಿಯುತ್ತವೆ. ಹೆಪಟೈಟಿಸ್ ಎ, ಅಂದರೆ ನೀರು, ಊಟದಿಂದ ಬರುವ ಕಾಮಾಲೆ, ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಚಿಕ್ಕಂದಿನಲ್ಲೇ ಬಂದು ಹೋಗಿದ್ದರೆ ಲಸಿಕೆ ಬೇಕಾಗಿಲ್ಲ, ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಟೈಫಾಯ್ಡ್ ಲಸಿಕೆಯನ್ನೂ ಕೇಳಿ. ಎಚ್‌ಪಿವಿ ಲಸಿಕೆ ಹೆಣ್ಣುಮಕ್ಕಳಿಗೆ ಮಾತ್ರ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದೇ ವೈರಸ್ ಗಂಡಸರಲ್ಲಿ ಗುದದ್ವಾರದ ಕ್ಯಾನ್ಸರ್ ತರುತ್ತದೆ. ಎಳೆ ವಯಸ್ಸಿನಲ್ಲಿ ಹಾಕಿಸಿದರೆ ಲಾಭ ಜಾಸ್ತಿ. 34ಕ್ಕೆ ಎಷ್ಟು ಉಪಯೋಗ ಅನ್ನುವುದನ್ನು ನಿಮ್ಮ ಡಾಕ್ಟರ್ ಜೊತೆ ಕೂತು ಮಾತಾಡಿ.

ನಿಮ್ಮ ಸ್ನೇಹಿತನ ಮಾತಿಗೆ ಬರೋಣ. ಎಚ್‌ಐವಿ ಊರಿನಿಂದ ಬರುವುದಿಲ್ಲ. ಬ್ಯಾಂಕಾಕಿನ ಗಾಳಿಯಲ್ಲೂ ಇಲ್ಲ, ಮೈಸೂರಿನಲ್ಲಿ ಇಲ್ಲ ಅಂತಲೂ ಅಲ್ಲ. ನಾನು ಓದುತ್ತಿದ್ದ ಕಾಲದಲ್ಲಿ ನಮ್ಮ ಕೈಯಲ್ಲಿ ಇದ್ದದ್ದು ಕಾಂಡೋಮ್ ಒಂದೇ, ಜೊತೆಗೆ ಬೇಕಾದಷ್ಟು ಭಯ. ಈಗ ಕಾಲ ಬದಲಾಗಿದೆ. ಚಿಕಿತ್ಸೆ ತೆಗೆದುಕೊಳ್ಳುತ್ತಾ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಎಚ್‌ಐವಿ ಹೋಗುವುದಿಲ್ಲ. ಕಡಿಮೆ ಹೋಗುತ್ತದೆ ಅಂತಲ್ಲ, ಹೋಗುವುದೇ ಇಲ್ಲ. ಯುರೋಪಿನಲ್ಲಿ ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 782 ಗೇ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದ ಪಾರ್ಟ್‌ನರ್ 2 ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಾಂಡೋಮ್ ಇಲ್ಲದೆ ಸುಮಾರು 76 ಸಾವಿರ ಸಲ ಸಂಪರ್ಕ. ಸಂಗಾತಿಯಿಂದ ಸೋಂಕು ದಾಟಿದ್ದು ಸೊನ್ನೆ. ಈ ಸೊನ್ನೆಯನ್ನು ಓದಿದ ದಿನ ನನ್ನ ಕಣ್ಣು ತುಂಬಿ ಬಂದಿತ್ತು. ನಿಮ್ಮ ಸ್ನೇಹಿತನಿಗೂ ಇದನ್ನು ಹೇಳಿ.

ಎಚ್‌ಐವಿ ಇಲ್ಲದವರಿಗೆ ಅದು ಬರದಂತೆ ಮೊದಲೇ ತೆಗೆದುಕೊಳ್ಳುವ ಪ್ರೆಪ್ ಇದೆ. ಟೆನೊಫೊವಿರ್ ಮತ್ತು ಎಮ್ಟ್ರಿಸಿಟಬಿನ್ ಸೇರಿದ ಒಂದು ಮಾತ್ರೆ. ಭಾರತದ ಕಂಪನಿಗಳೇ ತಯಾರಿಸುತ್ತವೆ, ಡಾಕ್ಟರ್ ಚೀಟಿ ಇದ್ದರೆ ಇಲ್ಲೇ ಸಿಗುತ್ತದೆ. ದಿನಕ್ಕೊಂದು ತೆಗೆದುಕೊಳ್ಳುವುದಾದರೆ ಹೊರಡುವ ಒಂದು ವಾರ ಮೊದಲೇ ಶುರು ಮಾಡಿ. ಇನ್ನೊಂದು ಕ್ರಮಕ್ಕೆ ನಾವು 2-1-1 ಅನ್ನುತ್ತೇವೆ. ಸಂಪರ್ಕಕ್ಕೆ 2ರಿಂದ 24 ಗಂಟೆ ಮೊದಲು ಎರಡು ಮಾತ್ರೆ, ಆ ಎರಡು ಮಾತ್ರೆ ನುಂಗಿದ 24 ಗಂಟೆಗೆ ಒಂದು, 48 ಗಂಟೆಗೆ ಇನ್ನೊಂದು. ಮರುದಿನವೂ ಸಂಪರ್ಕವಾದರೆ ದಿನಕ್ಕೊಂದರಂತೆ ಮುಂದುವರಿಸಿ, ಕೊನೆಯ ಸಂಪರ್ಕದ ನಂತರ ಎರಡು ದಿನ ತೆಗೆದುಕೊಂಡು ನಿಲ್ಲಿಸಬೇಕು. ಗಂಡಸರಿಗೆ ಈ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದೆ. ಆದರೆ ಹೆಪಟೈಟಿಸ್ ಬಿ ಇರುವವರಿಗೆ ಈ 2-1-1 ಬೇಡವೇ ಬೇಡ. ಆ ಮಾತ್ರೆ ಹೆಪಟೈಟಿಸ್ ಬಿ ವೈರಸ್ಸನ್ನೂ ಅದುಮಿಡುತ್ತದೆ. ಹಾಕಿ ಬಿಟ್ಟು ಮಾಡಿದರೆ ಲಿವರ್ ಕೆರಳಬಹುದು. ಕ್ರಿಯಾಟಿನಿನ್ ಜಾಸ್ತಿ ಇದ್ದವರಿಗೂ ಈ ಮಾತ್ರೆ ಆಗುವುದಿಲ್ಲ. ಮೊದಲು ಟೆಸ್ಟ್ ಮಾಡಿಸಿ ಅಂದದ್ದು ಇದಕ್ಕೇ. ಅಂಗಡಿಯಿಂದ ನೀವೇ ತಂದು ನುಂಗಬೇಡಿ.

ಪ್ರೆಪ್ ತಡೆಯುವುದು ಎಚ್‌ಐವಿಯನ್ನು ಮಾತ್ರ. ಸಿಫಿಲಿಸ್, ಗೊನೊರಿಯಾ ಅದಕ್ಕೆ ಬಗ್ಗುವುದಿಲ್ಲ. ಹಾಗಾಗಿ ಕಾಂಡೋಮ್ ಬ್ಯಾಗಿನಲ್ಲಿ ಇರಲಿ. ಅರಸೀಕೆರೆಯವರಾದ ನಿಮಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ ಬೇಡ. ನಮ್ಮ ಕಡೆ ತಲೆಗೂ ಅದೇ, ಮೈಗೂ ಅದೇ, ಹಾಗಾಗಿ ಇದಕ್ಕೂ ಅದೇ ಕೈಗೆ ಬರುತ್ತದೆ. ನನ್ನ ಬಳಿ 'ಕಾಂಡೋಮ್ ಹರಿದುಹೋಯಿತು' ಅಂತ ಗಾಬರಿಯಿಂದ ಬರುವವರಲ್ಲಿ ಎಷ್ಟೋ ಜನ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿದವರು. ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಒಂದು ಕಾಂಡೋಮನ್ನು ಬಲೂನಿನ ಹಾಗೆ ಊದಿ, ಗಂಟು ಹಾಕಿ, ಎರಡು ಹನಿ ಎಣ್ಣೆ ಸವರಿ ತಿಕ್ಕಿ. ರಬ್ಬರ್ ಮಂಜಾಗುತ್ತದೆ, ತೆಳ್ಳಗಾಗುತ್ತದೆ, ಸ್ವಲ್ಪ ಹೊತ್ತಿಗೆ ಪಟ್ ಅಂತ ಒಡೆಯುತ್ತದೆ. ನೀರಿನ ಅಥವಾ ಸಿಲಿಕೋನಿನ ಲೂಬ್ರಿಕೆಂಟ್ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳಿ.

ಎಲ್ಲ ಎಚ್ಚರಿಕೆ ಮಾಡಿಯೂ ಏನೋ ಆಯಿತು ಅಂತಿಟ್ಟುಕೊಳ್ಳಿ. ಕಾಂಡೋಮ್ ಹರಿಯಿತು, ಪ್ರೆಪ್ ತೆಗೆದುಕೊಂಡಿರಲಿಲ್ಲ. ಆಗ 72 ಗಂಟೆ ಒಳಗೆ ಪೆಪ್ ಶುರು ಮಾಡಬೇಕು. ಪೆಪ್ ಅಂದರೆ ಸಂಪರ್ಕವಾದ ಮೇಲೆ ಎಚ್‌ಐವಿ ತಡೆಯಲು ತೆಗೆದುಕೊಳ್ಳುವ 28 ದಿನದ ಮಾತ್ರೆ. ಎರಡು ಗಂಟೆಯೊಳಗೆ ಶುರು ಮಾಡುವುದು ಎರಡು ದಿನ ಬಿಟ್ಟು ಶುರು ಮಾಡುವುದಕ್ಕಿಂತ ಒಳ್ಳೆಯದು, ಹಾಗಾಗಿ 'ಬೆಳಿಗ್ಗೆ ನೋಡೋಣ' ಅನ್ನಬೇಡಿ. ಬ್ಯಾಂಕಾಕಿನ ದೊಡ್ಡ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಕೇಳಿ. ರಾಚದಮ್ರಿ ರಸ್ತೆಯಲ್ಲಿ ಥಾಯ್ ರೆಡ್ ಕ್ರಾಸ್‌ನ ಅನಾಮಿಕ ಕ್ಲಿನಿಕ್ ಇದೆ. ಹೆಸರು ಹೇಳದೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಲಿ ಅಂತ 1991ರಲ್ಲಿ ತೆರೆದದ್ದು, ಏಷ್ಯಾದಲ್ಲೇ ಅಂಥ ಮೊದಲ ಕ್ಲಿನಿಕ್. ಅದರ ವಿಳಾಸ ಫೋನಿನಲ್ಲಿ ಇಟ್ಟುಕೊಂಡಿರಿ. ಉಳಿದ ದಿನಗಳ ಮಾತ್ರೆಯನ್ನು ಊರಿಗೆ ಬಂದು ಮುಂದುವರಿಸಬಹುದು.

ಅದೇ ರಸ್ತೆಯಲ್ಲಿ, ಒಂದು ಚೌಕದ ಮೂಲೆಯಲ್ಲಿ, ಎರವಾನ್ ಗುಡಿ ಇದೆ. ಎರವಾನ್ ಅಂದರೆ ನಮ್ಮ ಐರಾವತ. ಒಳಗೆ ಇರುವುದು ನಾಲ್ಕು ಮುಖದ ಬ್ರಹ್ಮ. ನಮ್ಮಲ್ಲಿ ಬ್ರಹ್ಮನಿಗೆ ಗುಡಿ ಸಿಗುವುದೇ ಅಪರೂಪ. ಅಲ್ಲಿ ದೊಡ್ಡ ದೊಡ್ಡ ಮಾಲ್‌ಗಳ ನಡುವೆ, ಮೇಲೆ ಮೆಟ್ರೋ ಓಡುತ್ತಿರುವಾಗ, ಆಫೀಸಿಗೆ ಹೋಗುವವರು ನಿಂತು ಚೆಂಡು ಹೂವಿನ ಹಾರ ಹಾಕಿ ಕೈಮುಗಿದು ಹೋಗುತ್ತಾರೆ. ವಿಮಾನದಿಂದ ಇಳಿಯುವ ಜಾಗದ ಹೆಸರೇ ಸುವರ್ಣಭೂಮಿ. ಅಲ್ಲಿ ಸಮುದ್ರ ಮಥನದ ದೊಡ್ಡ ಪ್ರತಿಮೆ ನಿಮ್ಮನ್ನು ನಿಲ್ಲಿಸುತ್ತದೆ. ಪರದೇಶಕ್ಕೆ ಬಂದೆವು ಅನ್ನಿಸುವ ಹೊತ್ತಿಗೆ ಹೀಗೆ ಏನೋ ಒಂದು ಪರಿಚಯದ್ದು ಎದುರಾಗುತ್ತದೆ.

ನವೆಂಬರಿನಲ್ಲಿ ಹೋಗುತ್ತಿದ್ದೀರಿ, ಹುಣ್ಣಿಮೆ ನಿಮ್ಮ ಹತ್ತು ದಿನದೊಳಗೆ ಬರುವ ಹಾಗೆ ನೋಡಿಕೊಳ್ಳಿ. ಅದು ಅವರ ಲಾಯ್ ಕ್ರಥಾಂಗ್ ಹಬ್ಬ. ನಮ್ಮ ಕಾರ್ತಿಕ ದೀಪದ ಹೊತ್ತಿಗೇ ಬರುತ್ತದೆ. ಬಾಳೆದಿಂಡನ್ನು ಬಿಲ್ಲೆಯಾಗಿ ಕೊಯ್ದು, ಸುತ್ತ ಬಾಳೆಲೆಯನ್ನು ಮಡಿಚಿ ದಳದ ಹಾಗೆ ಚುಚ್ಚಿ, ನಡುವೆ ಹೂವು, ಮೇಣದಬತ್ತಿ, ಊದುಬತ್ತಿ ಇಟ್ಟು ನೀರಿಗೆ ಬಿಡುತ್ತಾರೆ. ನಾವಿಬ್ಬರೂ ಛಾವ್ ಫ್ರಯಾ ನದಿ ದಂಡೆಯಲ್ಲಿ ಒಂದು ಕೊಂಡೆವು. ಮಾರುತ್ತಿದ್ದ ಅಜ್ಜಿ ನಮ್ಮಿಬ್ಬರ ಮುಖ ನೋಡಿದಳು. ಎರಡನೆಯದನ್ನು ಕೊಡಲು ಎತ್ತಿದ್ದವಳು ಅದನ್ನು ವಾಪಸ್ ಇಟ್ಟು, ಒಂದನ್ನೇ ಇಬ್ಬರ ಕೈಯಲ್ಲೂ ಹಿಡಿಸಿದಳು. ಅವಳ ಭಾಷೆ ನಮಗೆ ಬರುತ್ತಿರಲಿಲ್ಲ, ನಮ್ಮದು ಅವಳಿಗೆ ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಗಂಡ ಹೆಂಡತಿ, ಹುಡುಗ ಹುಡುಗಿಯರ ಜೊತೆ ನಾವೂ ಬಗ್ಗಿ ನೀರಿಗೆ ಬಿಟ್ಟೆವು.

ಹಾಗಂತ ಅಲ್ಲಿ ಏನು ಮಾಡಿದರೂ ನಡೆಯುತ್ತದೆ ಅಂದುಕೊಳ್ಳಬೇಡಿ. ನಾಲ್ಕು ಜನರ ಮುಂದೆ ಮುತ್ತಿಡುವುದು, ತಬ್ಬಿಕೊಂಡು ನಿಲ್ಲುವುದು ಅವರಿಗೆ ಹಿಡಿಸುವುದಿಲ್ಲ, ಗಂಡು ಹೆಣ್ಣಿನ ಜೋಡಿಯಾದರೂ ಅಷ್ಟೆ. ದೇವಸ್ಥಾನಕ್ಕೆ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ರಾಜಮನೆತನದ ಬಗ್ಗೆ ತಮಾಷೆಗೂ ಹಗುರವಾಗಿ ಮಾತಾಡಬೇಡಿ, ಅದಕ್ಕೆ ಜೈಲು ಶಿಕ್ಷೆ ಇದೆ. ಪಾರ್ಟಿಗಳಲ್ಲಿ ಯಾರಾದರೂ ಪುಡಿ, ಮಾತ್ರೆ ಕೊಟ್ಟರೆ ಮುಟ್ಟಬೇಡಿ. ಮಾದಕ ವಸ್ತುಗಳ ಕಾನೂನು ಅಲ್ಲಿ ಬಹಳ ಬಿಗಿ. ಮೂಸಲು ಕೊಡುವ ಪಾಪರ್ಸ್ ಬಾಟಲಿಯನ್ನು ವಯಾಗ್ರದಂಥ ಮಾತ್ರೆ ತೆಗೆದುಕೊಂಡ ಹೊತ್ತಿನಲ್ಲಿ ಮೂಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಇದನ್ನು ಗೊತ್ತಿಲ್ಲದೆ ಮಾಡುವವರು ಬಹಳ.

ಕ್ವಾಲಾಲಂಪುರದಲ್ಲಿ ಎರಡು ದಿನ ಇಳಿದು ಹೋಗೋಣ ಅಂತ ಟ್ರಾವೆಲ್ಸ್‌ನವರು ಹೇಳಬಹುದು. ಹೋಗಬೇಡಿ ಅನ್ನುವುದಿಲ್ಲ. ಆದರೆ ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ನಮ್ಮ ತಲೆ ಮೇಲಿಂದ ಇಳಿಸಿದ, ಗೇ ಸಂಬಂಧವನ್ನು ಅಪರಾಧ ಅನ್ನುವ 377ನೇ ಕಲಮಿನ ಭಾರ ಮಲೇಷ್ಯಾದವರ ತಲೆ ಮೇಲೆ ಇನ್ನೂ ಇದೆ. ಬ್ರಿಟಿಷರು ಬಿಟ್ಟುಹೋದದ್ದು. ಅಲ್ಲಿ ಎರಡು ಮಂಚದ ರೂಮೇ ಕ್ಷೇಮ. ದುಬೈಗೂ ಇದೇ ಮಾತು.

ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಳ್ಳದೆ ಸ್ಟ್ರಿಪ್ಪಿನಲ್ಲೇ ಒಯ್ಯಿರಿ, ಚೀಟಿ ಜೊತೆಗಿರಲಿ, ಕೈಯಲ್ಲಿ ಹಿಡಿಯುವ ಬ್ಯಾಗಿನಲ್ಲಿರಲಿ. ಓಆರ್‌ಎಸ್ ನಾಲ್ಕು ಪ್ಯಾಕೆಟ್. ಸೊಳ್ಳೆಗೆ ಹಚ್ಚುವ ಕ್ರೀಮ್, ಹಗಲಿಗೂ ಬೇಕು, ಅಲ್ಲಿ ಡೆಂಗಿ ಇದೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಬ್ರೂಫೆನ್ ಬೇಡ.

ಇನ್ನು ನಿಮ್ಮ 'ರೂಮ್‌ಮೇಟ್' ವಿಷಯ. ಇದನ್ನು ಬಹಳ ಜನ ಮರೆಯುತ್ತಾರೆ. ಇಬ್ಬರೂ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ತುರ್ತು ಸಂಪರ್ಕ ಅನ್ನುವ ಜಾಗದಲ್ಲಿ ಒಬ್ಬರ ಹೆಸರು ಇನ್ನೊಬ್ಬರು ಬರೆಯಿರಿ. ಅಪ್ಪನ ಹೆಸರಲ್ಲ. ಅಲ್ಲಿ ನಿಮಗೆ ಪ್ರಜ್ಞೆ ತಪ್ಪಿದರೆ ಪಕ್ಕದಲ್ಲಿ ಇರುವುದು ಅವನು. 'ನನಗೆ ಹೇಳಲಾಗದ ಸ್ಥಿತಿ ಬಂದರೆ ನನ್ನ ಚಿಕಿತ್ಸೆಯ ವಿಚಾರ ಇವನ ಜೊತೆ ಮಾತಾಡಿ' ಅಂತ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದು ಸಹಿ ಹಾಕಿ, ಇಬ್ಬರ ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿ, ಪರಸ್ಪರ ಇಟ್ಟುಕೊಳ್ಳಿ. ನಮ್ಮಲ್ಲಿ ಮದುವೆಯ ಹಕ್ಕಿಗೆ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಹಾಗಾಗಿ ಕಾಗದ ಪತ್ರವೇ ನಮಗೆ ಆಧಾರ. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಅಂತ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಅದನ್ನೂ ಹೊರಡುವ ಮೊದಲೇ ಮುಗಿಸಿಬಿಡಿ.

ವಾಪಸ್ ಬಂದ ಎರಡರಿಂದ ನಾಲ್ಕು ವಾರದಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ದದ್ದು ಕಂಡರೆ ಆ ಹೊಸ ಡಾಕ್ಟರ್ ಹತ್ತಿರ ಹೋಗಿ, ಎಲ್ಲಿಗೆ ಹೋಗಿದ್ದಿರಿ, ಏನಾಯಿತು ಎಲ್ಲ ಹೇಳಿ. ಏನೂ ಕಾಣದಿದ್ದರೂ ಆರೂವರೆ ವಾರಕ್ಕೆ, ಅಂದರೆ 45 ದಿನಕ್ಕೆ, ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡಿಸಿ. ಮೂರು ತಿಂಗಳಿಗೆ ಇನ್ನೊಮ್ಮೆ. ಹೆಪಟೈಟಿಸ್ ಬಿ ಮೂರನೇ ಡೋಸ್ ಬಾಕಿ ಇರುತ್ತದೆ, ಮೊದಲ ಡೋಸ್ ಹಾಕಿಸಿದ ದಿನದಿಂದ ಆರು ತಿಂಗಳು ಎಣಿಸಿ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿಕೊಳ್ಳಿ. ಇಬ್ಬರದೂ.